ಗೇರ್‌ಬಾಕ್ಸ್ ಇಳಿಸುವ ಕೆಲಸ ಮನೆಮಂದಿ ಸೇರಿ ಮಾಡಬಹುದಾ?

ಪ್ರಶ್ನೆ: ನಮ್ಮ ಕಾರು ಹತ್ತು ವರ್ಷಕ್ಕೂ ಹಳೆಯದು. ಮ್ಯಾನ್ಯುಯಲ್ ಗೇರ್, ಮುಂದಿನ ಚಕ್ರಗಳು ಎಳೆಯುವ ಗಾಡಿ. ಕ್ಲಚ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ಇವನ್ನೆಲ್ಲ ನಾನು ಮತ್ತು ಅಪ್ಪ ಮನೆಯಲ್ಲೇ ಮಾಡಿಕೊಳ್ಳುತ್ತೇವೆ. ಈ ಸಲ ಚಿಕ್ಕಪ್ಪ, ತಂಗಿ ಕೂಡ ಕೈ ಜೋಡಿಸುತ್ತೇವೆ ಅನ್ನುತ್ತಿದ್ದಾರೆ. ಅಪ್ಪನಿಗೆ ಅರವತ್ತು ದಾಟಿದೆ. ಅಮ್ಮನಿಗೆ ಭಯ. ಈ ಕೆಲಸ ಮನೆಯಲ್ಲಿ ಮಾಡಬಹುದಾ? ಮಾಡಿದರೆ ಯಾರು ಏನು ಮಾಡಬೇಕು?

ಉತ್ತರ: ಮಾಡಬಹುದು. ಆದರೆ ನಿಮ್ಮ ತಾಯಿಯವರ ಭಯ ಸುಮ್ನೆ ಬಂದದ್ದಲ್ಲ. ಬ್ರೇಕ್ ಪ್ಯಾಡ್ ಬದಲಿಸುವಾಗ ನೀವು ಕಾರಿನ ಪಕ್ಕದಲ್ಲಿ ಕೂತಿರುತ್ತೀರಿ. ಗೇರ್‌ಬಾಕ್ಸ್ ಇಳಿಸುವಾಗ ಕಾರಿನ ಕೆಳಗೆ ಮಲಗಿರುತ್ತೀರಿ. ಮುಖದ ಎದುರಿಗೆ 30ರಿಂದ 50 ಕಿಲೋ ತೂಗುವ ಗೇರ್‌ಬಾಕ್ಸ್, ಅದರ ಮೇಲೆ ಒಂದು ಟನ್ ಆಸುಪಾಸು ತೂಗುವ ಗಾಡಿ. ಇಲ್ಲಿ ಕೈ ತಪ್ಪಿದರೆ ಬೆರಳು ಜಜ್ಜಿ ಹೋಗುವುದಷ್ಟೇ ಅಲ್ಲ, ಜೀವಕ್ಕೇ ಅಪಾಯ.

ನಾಲ್ಕು ಜನ ಇದ್ದೀರಿ ಅನ್ನುವುದು ಒಳ್ಳೆಯದೇ. ಆದರೆ ಜನ ಜಾಸ್ತಿ ಇದ್ದರೆ ಕೆಲಸ ತಾನಾಗಿ ಸುರಕ್ಷಿತ ಆಗುವುದಿಲ್ಲ. ಒಬ್ಬರು ಎತ್ತುತ್ತಾರೆ, ಇನ್ನೊಬ್ಬರು ಅದೇ ಹೊತ್ತಿಗೆ ಇಳಿಸುತ್ತಾರೆ. ಬೋಲ್ಟ್ ಬಿಗಿ ಮಾಡಿದ್ದು ನೀವು ಅಂತ ಅವರು, ಅವರು ಅಂತ ನೀವು ತಿಳಿದುಕೊಂಡಿರುತ್ತೀರಿ. ಮನೆಯವರ ಸಹಾಯ ನಿಜವಾಗಿ ಬೇಕಾಗುವುದು ಭಾರ ಎತ್ತುವುದಕ್ಕಿಂತ ಜಾಸ್ತಿ ಕಣ್ಣಿಡುವುದಕ್ಕೆ, ಬರೆದಿಡುವುದಕ್ಕೆ, ಸರಿಯಾದ ಹೊತ್ತಿಗೆ ನಿಲ್ಲಿಸುವುದಕ್ಕೆ.

ಮೊದಲು ಕ್ಲಚ್ಚೇ ಹೋಗಿದೆಯಾ ಎಂದು ನೀವೂ ಒಂದು ಸಲ ನೋಡಿಕೊಳ್ಳಿ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಜೋರಾಗಿ ಕೂಗಿ, ಆರ್‌ಪಿಎಂ ಮುಳ್ಳು ಏರಿ, ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದೇ ಅರ್ಥ. ಸುಟ್ಟ ವಾಸನೆಯೂ ಬರಬಹುದು. ಆದರೆ ನಿಮ್ಮ ತೊಂದರೆ ಬೇರೆ ಥರ ಇದ್ದರೆ ನಿಲ್ಲಿ. ಗೇರ್ ಬೀಳುತ್ತಿಲ್ಲ, ಪೆಡಲ್ ಮೆತ್ತಗಾಗಿದೆ, ಒತ್ತಿದರೆ ಹಾಗೇ ಕೆಳಗಿಳಿಯುತ್ತದೆ ಎಂದಾದರೆ ದೋಷ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಹೈಡ್ರಾಲಿಕ್ ಭಾಗದಲ್ಲಿ ಇರಬಹುದು. ಕ್ಲಚ್ ಸಿಲಿಂಡರ್ ಸೋರುತ್ತಿರಬಹುದು, ಪೈಪಿನಲ್ಲಿ ಗಾಳಿ ಸೇರಿರಬಹುದು. ಕೇಬಲ್ ಇರುವ ಗಾಡಿಯಾದರೆ ಅಡ್ಜಸ್ಟ್ ಮಾಡಿದರೇ ಸರಿಹೋಗಬಹುದು. ಹೊರಗಿನ ಸಿಲಿಂಡರ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಗೇರ್‌ಬಾಕ್ಸ್ ಯಾಕೆ ಇಳಿಸಬೇಕು, ಅಲ್ವಾ?

ಜೊತೆಗೆ ನಿಮ್ಮದೇ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ಸಂಪಾದಿಸಿ. ಬೇರೆ ಮಾಡೆಲ್ಲಿನ ವಿಡಿಯೋ ನೋಡಿ ಶುರು ಮಾಡಬೇಡಿ. ಕೆಲವು ಕಾರುಗಳಲ್ಲಿ ಎಂಜಿನ್, ಸಸ್ಪೆನ್ಷನ್ ಹೊರುವ ಕೆಳಗಿನ ಸಬ್‌ಫ್ರೇಮ್ ಇಳಿಸದೆ ಗೇರ್‌ಬಾಕ್ಸ್ ಹೊರಗೆ ಬರುವುದೇ ಇಲ್ಲ. ಕೆಲವಕ್ಕೆ ತಾನಾಗಿ ಅಡ್ಜಸ್ಟ್ ಆಗುವ ಕ್ಲಚ್ ಇರುತ್ತದೆ, ಅದನ್ನು ಕೂರಿಸಲು ಬೇರೆಯೇ ಟೂಲ್ ಬೇಕು. ನಿಮ್ಮ ಗಾಡಿ ಈ ಎರಡರಲ್ಲಿ ಒಂದಾಗಿದ್ದರೆ ನನ್ನ ಸಲಹೆ ನೇರ: ಗ್ಯಾರೇಜಿಗೆ ಕೊಡಿ. ಮೊದಲ ದೊಡ್ಡ ಕೆಲಸಕ್ಕೆ ಅದು ಸರಿಯಾದ ಗಾಡಿ ಅಲ್ಲ.

ಈಗ ಜಾಗದ ಮಾತು. ಕಾಂಕ್ರೀಟಿನ ಸಮತಟ್ಟು ನೆಲ ಇಲ್ಲದಿದ್ದರೆ ಈ ಕೆಲಸ ಬೇಡವೇ ಬೇಡ. ಮಣ್ಣಿನ ಮೇಲೆ ಜ್ಯಾಕ್ ಸ್ಟ್ಯಾಂಡ್ ಕುಸಿಯುತ್ತದೆ. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲೂ ಅದರ ಕಾಲು ಹೂತು ಹೋಗುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇವನ್ನು ಕಾರಿನ ಕೆಳಗೆ ಆಸರೆಯಾಗಿ ಕೊಡಲೇಬಾರದು. ಅವು ಸೂಚನೆ ಕೊಟ್ಟು ಮುರಿಯುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ. ಜ್ಯಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಹಿಡಿದಿಡುವುದು ಸ್ಟ್ಯಾಂಡಿನ ಕೆಲಸ. ಹೈಡ್ರಾಲಿಕ್ ಜ್ಯಾಕಿನ ಒಂದು ಸಣ್ಣ ಸೀಲ್ ಸೋರಿದರೂ ಗಾಡಿ ಕೆಳಗಿಳಿಯುತ್ತದೆ. ಹಾಗಾಗಿ ಗಾಡಿಯ ತೂಕಕ್ಕೆ ತಕ್ಕ ಸ್ಟ್ಯಾಂಡುಗಳನ್ನು ಮ್ಯಾನ್ಯುಯಲ್ ತೋರಿಸಿದ ಜಾಗದಲ್ಲೇ ಇಡಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಡಿ. ಗಾಡಿ ಸ್ಟ್ಯಾಂಡ್ ಮೇಲೆ ಕೂತ ಮೇಲೆ ಬಂಪರ್ ಹಿಡಿದು ಅತ್ತಿತ್ತ ಜೋರಾಗಿ ಅಲ್ಲಾಡಿಸಿ ನೋಡಿ. ಬೀಳುವುದಿದ್ದರೆ ಯಾರೂ ಕೆಳಗಿಲ್ಲದ ಆ ಹೊತ್ತಿಗೇ ಬೀಳಲಿ. ಬಿಚ್ಚಿದ ಮುಂದಿನ ಚಕ್ರಗಳನ್ನು ಬಾಗಿಲ ಕೆಳಗಿನ ಅಂಚಿನ ಅಡಿಯಲ್ಲಿ ಮಲಗಿಸಿಡಿ. ಏನಾದರೂ ಆದರೆ ಗಾಡಿ ಮನುಷ್ಯನ ಮೇಲೆ ಬೀಳುವ ಬದಲು ಅವುಗಳ ಮೇಲೆ ಕೂರುತ್ತದೆ.

ಎಷ್ಟು ಎತ್ತರಕ್ಕೆ ಎತ್ತಬೇಕು ಎಂಬುದನ್ನು ಬಹಳ ಜನ ಲೆಕ್ಕ ಹಾಕುವುದಿಲ್ಲ. ಗೇರ್‌ಬಾಕ್ಸ್ ಕಷ್ಟಪಟ್ಟು ಇಳಿಸುತ್ತಾರೆ, ಆಮೇಲೆ ಬಂಪರ್ ಕೆಳಗಿನಿಂದ ಅದು ಹೊರಗೆ ಬರುವುದಿಲ್ಲ! ಎಂಜಿನ್ನಿಗೆ ಅಂಟಿಕೊಳ್ಳುವ ಅಗಲವಾದ ಬಾಯಿ ಇದೆಯಲ್ಲ, ಬೆಲ್ ಹೌಸಿಂಗ್, ಅದೇ ಎಲ್ಲಕ್ಕಿಂತ ದೊಡ್ಡ ಭಾಗ. ಶುರು ಮಾಡುವ ಮೊದಲೇ ಟೇಪ್ ಹಿಡಿದು ಅದನ್ನು ಅಳೆಯಿರಿ. ಅದಕ್ಕೆ ಪೂರ್ತಿ ಇಳಿಸಿದ ಜ್ಯಾಕಿನ ಎತ್ತರ ಸೇರಿಸಿ. ನೆಲದಿಂದ ಬಂಪರಿನ ಕೆಳಗಿನ ಅಂಚಿಗೆ ಅಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಗೇರ್‌ಬಾಕ್ಸನ್ನು ಜ್ಯಾಕಿನಿಂದ ಹಲಗೆಯ ಮೇಲೆ ಇಳಿಸಿ ಎಳೆಯುವುದು ಹೇಗೆ ಎಂದು ಮೊದಲೇ ಯೋಚಿಸಿಡಿ.

ಇನ್ನು ಯಾರು ಏನು ಮಾಡಬೇಕು ಅಂದಿರಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ ಪ್ರಶ್ನೆ.

ನಿಮ್ಮ ತಂದೆಯವರು ಕೆಳಗೆ ಮಲಗುವುದು ಬೇಡ. ಅವರಿಗೆ ಶಕ್ತಿ ಇಲ್ಲ ಅಂತ ಹೇಳುತ್ತಿಲ್ಲ. ಕೆಲಸ ಗೊತ್ತಿರುವವರು ಹೊರಗೆ ನಿಂತು ಇಡೀ ಗಾಡಿಯನ್ನು ನೋಡಬೇಕು. ಕೆಳಗೆ ಮಲಗಿದವನಿಗೆ ಕಾಣುವುದು ಮೂಗಿನ ಮುಂದಿನ ಬೋಲ್ಟ್ ಮಾತ್ರ. ಸ್ಟ್ಯಾಂಡ್ ವಾಲುತ್ತಿದೆಯಾ, ಯಾವುದಾದರೂ ವೈರ್ ಎಳೆದುಕೊಳ್ಳುತ್ತಿದೆಯಾ, ಎಂಜಿನ್ ಒಂದು ಪಕ್ಕಕ್ಕೆ ಜಾರುತ್ತಿದೆಯಾ ಎಂಬುದು ಹೊರಗಿನವರಿಗಷ್ಟೇ ಕಾಣುತ್ತದೆ. ಹಾಗಾಗಿ ಹೇಳುವವರು ಅವರು, ಮಾಡುವವರು ನೀವು. ಇದನ್ನು ಹಿಂದಿನ ದಿನವೇ ಮಾತಾಡಿಕೊಳ್ಳಿ. ಕಾರಿನ ಕೆಳಗಿದ್ದಾಗ ವಾದ ಬೇಡ.

ಚಿಕ್ಕಪ್ಪ ಜ್ಯಾಕಿನ ಹಿಡಿ ಹಿಡಿಯಲಿ. ಜ್ಯಾಕ್ ಎತ್ತಿ ಇಳಿಸುವ ಕೆಲಸ ಮೊದಲಿನಿಂದ ಕೊನೆಯವರೆಗೆ ಒಬ್ಬರದೇ ಕೈಯಲ್ಲಿ ಇರಬೇಕು. ಆ ವಾಲ್ವ್ ಎಷ್ಟು ತಿರುಗಿಸಿದರೆ ಎಷ್ಟು ಬೇಗ ಇಳಿಯುತ್ತದೆ ಎಂಬುದು ಕೈಗೆ ಅಭ್ಯಾಸ ಆಗಬೇಕು. ನಡುವೆ ಕೈ ಬದಲಾದರೆ ಗೇರ್‌ಬಾಕ್ಸ್ ದಡಕ್ಕನೆ ಇಳಿಯುತ್ತದೆ.

ತಂಗಿಗೆ ಟಾರ್ಚ್ ಹಿಡಿಯುವ ಕೆಲಸ ಮಾತ್ರ ಕೊಡಬೇಡಿ. ಲೆಕ್ಕ ಪೂರ್ತಿ ಅವರದಾಗಲಿ. ಏನೇ ಬಿಚ್ಚುವ ಮೊದಲು ಒಂದು ಫೋಟೋ, ಬಿಚ್ಚಿದ ಮೇಲೆ ಇನ್ನೊಂದು. ಬೆಲ್ ಹೌಸಿಂಗಿನ ಬೋಲ್ಟುಗಳು ಒಂದೇ ಉದ್ದ ಇರುವುದಿಲ್ಲ. ಒಂದು ದಪ್ಪ ರಟ್ಟಿನ ಮೇಲೆ ಹೌಸಿಂಗಿನ ಆಕಾರ ಗೀಚಿ, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ರಟ್ಟಿಗೆ ಚುಚ್ಚಿ ಇಡಲಿ. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಬಿಗಿ ಮಾಡಿದರೆ ಅಲ್ಯೂಮಿನಿಯಂ ಸೀಳುತ್ತದೆ, ಆಮೇಲೆ ದುರಸ್ತಿ ಬಹಳ ಕಷ್ಟ. ಜೋಡಿಸುವಾಗ ಟಾರ್ಕ್ (ಬೋಲ್ಟ್ ಬಿಗಿ ಮಾಡುವ ಬಲ) ಎಷ್ಟು ಎಂದು ಮ್ಯಾನ್ಯುಯಲ್ ನೋಡಿ ಜೋರಾಗಿ ಓದುವವರೂ ಅವರೇ. ನೀವು ಅದನ್ನು ತಿರುಗಿ ಹೇಳಿ, ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ಅವರು ಬೋಲ್ಟಿನ ತಲೆಗೆ ಬಣ್ಣದ ಚುಕ್ಕಿ ಇಡಲಿ. ಚುಕ್ಕಿ ಇಲ್ಲದ ಬೋಲ್ಟ್ ಬಿಗಿಯಾಗಿಲ್ಲ ಎಂದೇ ಲೆಕ್ಕ.

ತಾಯಿಯವರು ಭಯ ಅಂತ ಒಳಗೆ ಕೂರುವುದು ಬೇಡ. ಅವರಿಗೂ ಒಂದು ಹೊಣೆ ಕೊಡಿ. ಯಾರಾದರೂ ಕೆಳಗಿರುವಾಗ ಮಕ್ಕಳು, ಸಾಕುಪ್ರಾಣಿ, ಮಾತಾಡಿಸಲು ಬರುವವರು ಯಾರೂ ಗಾಡಿಯ ಹತ್ತಿರ ಬಾರದಂತೆ ನೋಡಿಕೊಳ್ಳಲಿ. ಫೋನ್ ಅವರ ಕೈಯಲ್ಲಿ ಇರಲಿ.

ಎತ್ತುವ ಇಳಿಸುವ ಹೊತ್ತಿಗೆ ಮೂರೇ ಮಾತು ಸಾಕು: ಎತ್ತು, ಇಳಿಸು, ನಿಲ್ಲಿಸು. ಮೊದಲ ಎರಡನ್ನು ತಂದೆಯವರು ಮಾತ್ರ ಹೇಳಬೇಕು. ಜ್ಯಾಕ್ ಹಿಡಿದವರು ಅದನ್ನು ತಿರುಗಿ ಹೇಳಿ ಆಮೇಲೆ ಕೈ ಆಡಿಸಬೇಕು. ಮೂರನೆಯದನ್ನು ಯಾರು ಬೇಕಾದರೂ ಹೇಳಬಹುದು. ಅದು ಕೇಳಿದ ತಕ್ಷಣ ಎಲ್ಲ ಕೈಗಳೂ ನಿಲ್ಲಬೇಕು, ಯಾಕೆ ಅಂತ ಆಮೇಲೆ ಕೇಳಿ. ಮನೆಯಲ್ಲಿ ಇದು ಹೇಳಿದಷ್ಟು ಸುಲಭ ಅಲ್ಲ. ದೊಡ್ಡವರು ಕೆಲಸ ಮಾಡುತ್ತಿರುವಾಗ ಚಿಕ್ಕವರಿಗೆ ನಿಲ್ಲಿಸಿ ಅನ್ನಲು ಬಾಯಿ ಬರುವುದಿಲ್ಲ. ಗ್ಯಾರೇಜಿನ ಸಹಾಯಕ ಹೇಳಿಬಿಡುತ್ತಾನೆ, ಮಗಳು ಸುಮ್ಮನಾಗುತ್ತಾಳೆ. ಹಾಗಾಗಿ ನಿಮ್ಮ ತಂದೆಯವರೇ ಶುರುವಿನಲ್ಲಿ ಎಲ್ಲರ ಮುಂದೆ ಹೇಳಲಿ: ನಿಲ್ಲಿಸು ಅಂದರೆ ಯಾರೂ ಬೈಯುವುದಿಲ್ಲ, ಸುಳ್ಳು ಗಾಬರಿ ಆದರೂ ಪರವಾಗಿಲ್ಲ. ಈ ಒಂದು ಮಾತು ಆಡದಿದ್ದರೆ ಕೆಲಸ ಶುರು ಮಾಡಬೇಡಿ ಎಂದೇ ನಾನು ಹೇಳುತ್ತೇನೆ.

ಕೆಲಸದ ದಿನ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಜೋಡಿಸುವಾಗ ಅದೇ ಕೊನೆ. ಸ್ಟಾರ್ಟರ್ ಮೋಟಾರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಇರುತ್ತದೆ. ಸ್ಪ್ಯಾನರ್ ತಗುಲಿದರೆ ಕಿಡಿ ಹಾರುತ್ತದೆ, ಸ್ಪ್ಯಾನರೇ ಕೆಂಪಗಾಗುತ್ತದೆ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲ ಮಾಡಿ. ಚಕ್ರದ ಹಬ್ ಮಧ್ಯದ ದೊಡ್ಡ ನಟ್ ಬಿಚ್ಚಬೇಕಾದರೆ ಅದೂ ಆಗಲೇ. ಅದರ ಬಿಗಿ ಬಹಳ ಕಾರುಗಳಲ್ಲಿ 200 ನ್ಯೂಟನ್ ಮೀಟರ್ ಆಸುಪಾಸು ಅಥವಾ ಅದಕ್ಕೂ ಜಾಸ್ತಿ ಇರುತ್ತದೆ. ಸ್ಟ್ಯಾಂಡ್ ಮೇಲಿರುವ ಗಾಡಿಯಲ್ಲಿ ಉದ್ದನೆಯ ಪೈಪ್ ಸಿಕ್ಕಿಸಿ ಅದನ್ನು ಜಗ್ಗಿದರೆ ಗಾಡಿಯೇ ಪಕ್ಕಕ್ಕೆ ಜಾರಬಹುದು. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಬಿಚ್ಚಲಿ. ಎಷ್ಟೋ ಗಾಡಿಗಳಲ್ಲಿ ಈ ನಟ್ ಮುಟ್ಟದೆ ಡ್ರೈವ್ ಶಾಫ್ಟನ್ನು (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ) ಗೇರ್‌ಬಾಕ್ಸ್ ಕಡೆಯಿಂದಲೇ ಬಿಡಿಸಬಹುದು. ಅದಕ್ಕೂ ಮ್ಯಾನ್ಯುಯಲ್ ನೋಡಿ.

ಗೇರ್ ಆಯಿಲ್ ಇಳಿಸುವ ಮೊದಲು ಆಯಿಲ್ ತುಂಬುವ ಪ್ಲಗ್ ಬಿಚ್ಚುತ್ತದೆಯಾ ನೋಡಿ. ಕೆಳಗಿನದು ಬಿಚ್ಚಿ ಆಯಿಲ್ ಎಲ್ಲ ಹೋದ ಮೇಲೆ ತುಂಬುವ ಪ್ಲಗ್ ಹಿಡಿದುಕೊಂಡರೆ ಗಾಡಿ ಅಲ್ಲೇ ನಿಲ್ಲುತ್ತದೆ. ಎರಡೂ ಡ್ರೈವ್ ಶಾಫ್ಟ್ ಹೊರಗೆ ತೆಗೆದಾಗ ಕೆಲವು ಗೇರ್‌ಬಾಕ್ಸುಗಳಲ್ಲಿ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಒಳಗಿನ ಡಿಫರೆನ್ಷಿಯಲ್ ಗೇರುಗಳು ಜಾರಿ ಬೀಳುತ್ತವೆ. ಒಂದು ಶಾಫ್ಟ್ ತೆಗೆದ ಕೂಡಲೇ ಆ ತೂತಿಗೆ ಸರಿಯಾದ ಅಳತೆಯ ಪ್ಲಾಸ್ಟಿಕ್ ಅಥವಾ ಮರದ ತುಂಡು ಸಿಕ್ಕಿಸಿಟ್ಟರೆ ಆ ತಲೆನೋವು ಇರುವುದಿಲ್ಲ.

ಹೈಡ್ರಾಲಿಕ್ ಕ್ಲಚ್ ಆಗಿದ್ದರೆ ಇನ್ನೊಂದು ಎಚ್ಚರಿಕೆ. ಸಿಲಿಂಡರ್ ಬಿಚ್ಚಿ ಪಕ್ಕಕ್ಕೆ ಕಟ್ಟಿದ ಮೇಲೆ ಯಾರಾದರೂ ಕಾರೊಳಗೆ ಕೂತು ಕ್ಲಚ್ ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಹಾರುತ್ತದೆ. ಮನೆಯಲ್ಲಿ ಇದು ಆಗುವುದೇ ಜಾಸ್ತಿ, ಏನೋ ತೆಗೆದುಕೊಳ್ಳಲು ಒಳಗೆ ಹೋದವರು ಅಭ್ಯಾಸದಂತೆ ಕಾಲಿಡುತ್ತಾರೆ. ಸ್ಟೀರಿಂಗ್ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ, ಬಾಗಿಲು ಬೀಗ ಹಾಕಿ, ಕೀಲಿ ತಂದೆಯವರ ಜೇಬಿಗೆ ಹೋಗಲಿ.

ಗೇರ್‌ಬಾಕ್ಸ್ ಕಡೆಯ ಮೌಂಟ್ (ಗಾಡಿಯ ಬಾಡಿಗೆ ಹಿಡಿದಿಡುವ ಆಸರೆ) ಬಿಚ್ಚುವ ಮೊದಲು ಎಂಜಿನ್ನಿಗೆ ಆಸರೆ ಬೇಕು. ಮೇಲಿನಿಂದ ಹಿಡಿಯುವ ಸಪೋರ್ಟ್ ಬಾರ್ ಬಾಡಿಗೆಗೆ ಸಿಕ್ಕರೆ ಅದೇ ಒಳ್ಳೆಯದು. ಕೆಳಗಿನಿಂದ ಜ್ಯಾಕ್ ಕೊಟ್ಟರೆ ಎಂಜಿನ್ ತಳದ ಆಯಿಲ್ ಸಂಪಿಗೆ ನೇರ ತಾಗಿಸಬೇಡಿ, ನಡುವೆ ಅಗಲವಾದ ಮರದ ಹಲಗೆ ಇಡಿ. ಗೇರ್‌ಬಾಕ್ಸ್ ಹೊರಗೆ ಎಳೆಯುವಾಗ ನೇರವಾಗಿ ಬರಬೇಕು. ಅರ್ಧ ಬಂದ ಗೇರ್‌ಬಾಕ್ಸಿನ ತೂಕ ಇನ್‌ಪುಟ್ ಶಾಫ್ಟಿನ (ಕ್ಲಚ್ ಪ್ಲೇಟಿನೊಳಗೆ ಕೂರುವ ದಂಡ) ಮೇಲೆ ನೇತಾಡಲು ಬಿಟ್ಟರೆ ಕ್ಲಚ್ ಪ್ಲೇಟಿನ ಹಬ್, ಅಂದರೆ ನಡುಭಾಗ, ಬಾಗುತ್ತದೆ. ಬಿಚ್ಚುವಾಗ ಹೋದರೆ ಹಳೆಯದು, ಜೋಡಿಸುವಾಗ ಹೋದರೆ ಹೊಸದು.

ಕೆಳಗೆ ಬಂದ ಮೇಲೆ ಆತುರ ಬೇಡ, ನೋಡುವುದು ಬಹಳ ಇದೆ. ಒಳಗಿನ ಕಪ್ಪು ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಕ್ಲಚ್ಚುಗಳಲ್ಲಿ ಆಸ್ಬೆಸ್ಟಸ್ ಇರಬಹುದು. ಮಾಸ್ಕ್ ಹಾಕಿಕೊಂಡು ಬ್ರೇಕ್ ಕ್ಲೀನರಿನಲ್ಲಿ ತೋಯಿಸಿ ಒರೆಸಿ. ಕ್ಲಚ್ ಪ್ಲೇಟಿಗೆ ಆಯಿಲ್ ಅಂಟಿದೆಯಾ? ಇದ್ದರೆ ಎಂಜಿನ್ನಿನ ಹಿಂದಿನ ಸೀಲ್ ಅಥವಾ ಗೇರ್‌ಬಾಕ್ಸಿನ ಮುಂದಿನ ಸೀಲ್ ಸೋರುತ್ತಿದೆ. ಅದನ್ನು ಹಾಗೇ ಬಿಟ್ಟು ಹೊಸ ಪ್ಲೇಟ್ ಹಾಕಿದರೆ ಅದೂ ಹಾಳಾಗುತ್ತದೆ, ಇಡೀ ಕೆಲಸ ಮತ್ತೆ ಮಾಡಬೇಕು. ಫ್ಲೈವೀಲ್ (ಎಂಜಿನ್ನಿನ ತುದಿಯ ಭಾರದ ಚಕ್ರ, ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಜಾಗ) ಮೇಲೆ ನೀಲಿ ಕಲೆ, ಕೂದಲೆಳೆಯಂಥ ಬಿರುಕು, ಉಗುರಿಗೆ ಸಿಗುವ ಗೀರು ಇವೆಯಾ ಎಂದು ಬೆಳಕಿನಲ್ಲಿ ನೋಡಿ. ಸಾದಾ ಫ್ಲೈವೀಲ್ ಆದರೆ ಲೇತಿನಲ್ಲಿ ಸವರಿಸಬಹುದು, ಬಿರುಕು ಆಳವಾಗಿದ್ದರೆ ಬದಲಿಸಬೇಕು. ನಡುವೆ ಸ್ಪ್ರಿಂಗ್ ಇರುವ ಎರಡು ಭಾಗದ ಡ್ಯುಯಲ್ ಮಾಸ್ ಫ್ಲೈವೀಲ್ ಆದರೆ ಸಾಮಾನ್ಯವಾಗಿ ಬದಲಿಸುವುದೇ ದಾರಿ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಚೆನ್ನಾಗಿ ಕಂಡರೂ ಹೊಸದೇ ಹಾಕಿ. ಸಿಲಿಂಡರ್ ಬೆಲ್ ಹೌಸಿಂಗಿನ ಒಳಗಡೆ ಇರುವ ಗಾಡಿಯಾದರೆ ಅದನ್ನೂ ಬದಲಿಸಿ.

ಹೊಸ ಪ್ಲೇಟ್ ಹಾಕುವಾಗ ಯಾವ ಮುಖ ಫ್ಲೈವೀಲ್ ಕಡೆ ಎಂದು ಸಾಮಾನ್ಯವಾಗಿ ಪ್ಲೇಟಿನ ಮೇಲೇ ಗುರುತು ಇರುತ್ತದೆ. ತಂಗಿ ತೆಗೆದ ಫೋಟೋ ಜೊತೆಗೂ ಹೋಲಿಸಿ ನೋಡಿ. ಫ್ಲೈವೀಲ್ ಮೇಲಾಗಲಿ ಪ್ಲೇಟಿನ ಮೇಲಾಗಲಿ ಗ್ರೀಸ್ ಕೈ ತಾಗಬಾರದು. ಸ್ಪ್ಲೈನಿಗೆ (ಶಾಫ್ಟ್ ಮತ್ತು ಪ್ಲೇಟ್ ಸೇರುವ ಹಲ್ಲುಗಳು) ಗ್ರೀಸ್ ಹಚ್ಚಬೇಕೆಂದು ಮ್ಯಾನ್ಯುಯಲ್ ಹೇಳಿದ್ದರೆ ತೆಳ್ಳಗೆ ಸವರಿ ಸಾಕು. ಅಲೈನ್‌ಮೆಂಟ್ ಟೂಲ್ (ಪ್ಲೇಟನ್ನು ಸರಿಯಾಗಿ ಮಧ್ಯಕ್ಕೆ ಹಿಡಿಯುವ ಕಡ್ಡಿ) ನಡುವೆ ಸಿಕ್ಕಿಸಿಯೇ, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿಹಿಡಿಯುವ ಪ್ರೆಷರ್ ಪ್ಲೇಟ್ ಕೂರಿಸಿ. ಅದರ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಪ್ಲೇಟ್ ಸೊಟ್ಟಗಾಗುತ್ತದೆ.

ಗೇರ್‌ಬಾಕ್ಸ್ ಮತ್ತೆ ಮೇಲೇರಿಸುವುದೇ ಎಲ್ಲಕ್ಕಿಂತ ಕಷ್ಟ. ನಾಲ್ಕು ಜನ ಇರುವುದು ನಿಜವಾಗಿ ಉಪಯೋಗಕ್ಕೆ ಬರುವುದೂ ಇಲ್ಲೇ. ಚಿಕ್ಕಪ್ಪ ಜ್ಯಾಕಿನಲ್ಲಿ ಎತ್ತರ ಸರಿಮಾಡುತ್ತಾರೆ. ನೀವು ಬದಿಯಿಂದ ಗೇರ್‌ಬಾಕ್ಸ್ ಹಿಡಿದು ಓರೆ ಸರಿಪಡಿಸುತ್ತೀರಿ. ಎಂಜಿನ್ ಮತ್ತು ಬೆಲ್ ಹೌಸಿಂಗ್ ನಡುವಿನ ಸಂದು ಸುತ್ತಲೂ ಸಮವಾಗಿದೆಯಾ ಎಂದು ತಂದೆಯವರು ನೋಡಿ ಹೇಳುತ್ತಾರೆ. ಸಂದು ಬೆರಳಗಲಕ್ಕೆ ಬಂದು ನಿಂತುಬಿಡುತ್ತದೆ. ಬಹುತೇಕ ಎಲ್ಲರಿಗೂ ಹೀಗಾಗುತ್ತದೆ, ಸ್ಪ್ಲೈನ್ ಹಲ್ಲುಗಳು ಒಂದಕ್ಕೊಂದು ಸೇರಿರುವುದಿಲ್ಲ. ಗೇರ್‌ಬಾಕ್ಸನ್ನು ಗೇರಿಗೆ ಹಾಕಿಟ್ಟು, ಆಗ ತಂಗಿ ಎಂಜಿನ್ನಿನ ಇನ್ನೊಂದು ತುದಿಯ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ನಿಧಾನವಾಗಿ, ಒಂದಿಷ್ಟೇ ತಿರುಗಿಸಲಿ. ಹಲ್ಲು ಕೂತ ಕ್ಷಣ ಗೇರ್‌ಬಾಕ್ಸ್ ತಾನಾಗಿ ಒಳಗೆ ಜಾರುತ್ತದೆ. ಹಾಗಾಗಿ ಆ ಸಂದಿಯೊಳಗೆ ಯಾರ ಬೆರಳೂ ಇರಬಾರದು.

ಕೂರದಿದ್ದರೆ ಉದ್ದದ ಬೋಲ್ಟ್ ಹಾಕಿ ಬಿಗಿ ಮಾಡಿ ಎಳೆಯೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಕೇಳಬೇಡಿ. ಕೈಯಿಂದ ಪೂರ್ತಿ ಕೂರದ ಗೇರ್‌ಬಾಕ್ಸನ್ನು ಬೋಲ್ಟಿನಿಂದ ಎಳೆದರೆ ಪ್ಲೇಟ್ ಹಬ್ ಮುರಿಯುತ್ತದೆ, ಇಲ್ಲವೇ ಹೌಸಿಂಗಿನ ಕಿವಿ ಸೀಳುತ್ತದೆ. ಹಿಂದಕ್ಕೆ ತನ್ನಿ, ಪ್ಲೇಟ್ ಮಧ್ಯಕ್ಕಿದೆಯಾ ನೋಡಿ, ಕೂರಿಸುವ ಪಿನ್ನುಗಳು ಜಾಗದಲ್ಲಿವೆಯಾ ನೋಡಿ, ಮತ್ತೆ ಪ್ರಯತ್ನಿಸಿ. ಎಲ್ಲರಿಗೂ ಸುಸ್ತಾಗಿದ್ದರೆ ಗೇರ್‌ಬಾಕ್ಸ್ ನೆಲಕ್ಕಿಳಿಸಿ ಊಟ ಮಾಡಿ ಬನ್ನಿ. ಜ್ಯಾಕ್ ಮೇಲೆ ಅದನ್ನು ಹಾಗೇ ನೇತುಹಾಕಿ ಹೋಗುವುದು ಬೇಡ, ರಾತ್ರಿಯಂತೂ ಬೇಡವೇ ಬೇಡ. ಗ್ಯಾರೇಜಿನ ಲಿಫ್ಟ್ ಮೇಲೆ ಒಂದು ದಿನದೊಳಗೆ ಮುಗಿಯುವ ಕೆಲಸ ನೆಲದ ಮೇಲೆ ಎರಡು ದಿನ ಹಿಡಿಯುತ್ತದೆ ಎಂದೇ ಯೋಜನೆ ಹಾಕಿಕೊಳ್ಳಿ. ನಾಳೆ ಬೆಳಿಗ್ಗೆ ಕಾರು ಬೇಕೇ ಬೇಕು ಎಂಬ ಒತ್ತಡ ಇರುವ ವಾರ ಇದನ್ನು ಹಿಡಿಯಬೇಡಿ.

ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ, ಇದು ಚೆನ್ನಾಗಿ ಆಯಿತು ಅಂತ ಎಲ್ಲವನ್ನೂ ಮನೆಯಲ್ಲೇ ಮಾಡಲು ಹೋಗಬೇಡಿ. ಏರ್‌ಬ್ಯಾಗ್, ಎಸಿ ಗ್ಯಾಸ್, ಒತ್ತಿ ಹಿಡಿದ ಸಸ್ಪೆನ್ಷನ್ ಸ್ಪ್ರಿಂಗ್, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್, ಇವಕ್ಕೆ ತರಬೇತಿ ಮತ್ತು ಸರಿಯಾದ ಸಲಕರಣೆ ಇದ್ದವರೇ ಬೇಕು.

ಜೋಡಿಸಿದ ಮೇಲೆ ಗೇರ್ ಆಯಿಲ್ ತುಂಬದೆ ಎಂಜಿನ್ ಶುರು ಮಾಡಬೇಡಿ. ಯಾವ ಗ್ರೇಡ್ ಎಂದು ಮ್ಯಾನ್ಯುಯಲ್ ಹೇಳಿದೆಯೋ ಅದನ್ನೇ ಹಾಕಿ. ಜಿಎಲ್-4 ಗ್ರೇಡ್ ಹೇಳಿದ ಕಡೆ ಜಿಎಲ್-5 ಹಾಕಿದರೆ ಕೆಲವು ಗೇರ್‌ಬಾಕ್ಸುಗಳ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಹಾನಿ ಆಗಬಹುದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಗಾಡಿ ಇನ್ನೂ ಸ್ಟ್ಯಾಂಡ್ ಮೇಲಿರುವಾಗಲೇ, ಎಂಜಿನ್ ಆಫ್ ಇಟ್ಟು, ಎಲ್ಲ ಗೇರುಗಳೂ ಬೀಳುತ್ತವೆಯಾ ನೋಡಿ. ತಂಗಿಯ ರಟ್ಟಿನಲ್ಲಿ ಒಂದು ಬೋಲ್ಟೂ ಉಳಿದಿರಬಾರದು. ಉಳಿದಿದ್ದರೆ ಗಾಡಿ ಕೆಳಗಿಳಿಸುವುದು ಬೇಡ, ಅದರ ಜಾಗ ಹುಡುಕಿ.

ಮೊದಲ ಓಡಾಟ ಹತ್ತಿರದಲ್ಲೇ ಇರಲಿ, ಒಬ್ಬರೇ ಹೋಗಿ ಬನ್ನಿ. ಬಂದ ಮೇಲೆ ಕೆಳಗೆ ಒಂದು ಹಳೆಯ ರಟ್ಟು ಹಾಸಿ ರಾತ್ರಿ ನಿಲ್ಲಿಸಿ, ಆಯಿಲ್ ತೊಟ್ಟಿಕ್ಕಿದರೆ ಬೆಳಿಗ್ಗೆ ಅದರ ಮೇಲೆ ಕಾಣುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲುವುದು, ಭಾರ ಎಳೆಯುವುದು ಬೇಡ, ಹೊಸ ಪ್ಲೇಟ್ ಮೈಗೂಡಲಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚ್‌ನಲ್ಲಿ ನೋಡಿ. ಚಕ್ರ ಜೋಡಿಸುವ ಕೆಳಗಿನ ತೋಳಿನ ಬಾಲ್ ಜಾಯಿಂಟ್ ಬಿಚ್ಚಿದ್ದರೆ ಅದರ ನಟ್ಟನ್ನೂ ನೋಡಿ. ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆಯೇ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ದೂರ ಹೊರಡಿ.